ಸರ್ ಎಡ್ವರ್ಡ್ ಕೋಕ್

ಒಬ್ಬನ ಸ್ಥಾನವನ್ನಾಗಲಿ ಸ್ವಾತಂತ್ರ್ಯವನ್ನಾಗಲಿ ಕಸಿದುಕೊಳ್ಳುವ ಮುನ್ನ ಅಧಿಕಾರಿಗಳು ಅವನ ಅಹವಾಲನ್ನು ಕೇಳಬೇಕು. ತನಗೆ ಲಾಭವಿರುವ ವ್ಯಾಜ್ಯದಲ್ಲಿ ಯಾರೂ ತಾವೇ ನ್ಯಾಯಾಧೀಶರಾಗಬಾರದು. ಈ ಎರಡು ನಿಯಮಗಳು ಸಹಜ ನ್ಯಾಯದ ತತ್ತ್ವಗಳೆಂದು ಪ್ರಸಿದ್ಧವಾಗಿವೆ. ಇಂಗ್ಲೆಂಡಿನ ನ್ಯಾಯಾಲಯಗಳಲ್ಲಿ ಇವುಗಳಿಗೆ ಭದ್ರವಾದ ತಳಹದಿಯನ್ನು ಹಾಕಿದವರಲ್ಲಿ ಎಡ್ವರ್ಡ್ ಕೋಕನು ಅಗ್ರಗಣ್ಯನು.

ಕೋಕನು 1552ರ ಫೆಬ್ರವರಿ 1ರಂದು ನಾರ್ಫೋಕ್ ಪ್ರಾಂತದ ಮೈಲ್‌ಹ್ಯಾಮ್ ಗ್ರಾಮದಲ್ಲಿ ಜನಿಸಿದನು. ವಕೀಲನಾಗಿದ್ದ ಅವನ ತಂದೆಯು ಮಗನ ಬಾಲ್ಯದಲ್ಲಿಯೇ ತೀರಿಕೊಂಡನು. ಕೋಕನು ನಾರ್ವಿಚ್ ನಗರದಲ್ಲಿಯೂ ಕೇಂಬ್ರಿಜ್ಜಿನ ಟ್ರಿನಿಟಿ ಕಾಲೇಜಿನಲ್ಲಿಯೂ ವ್ಯಾಸಂಗ ಮಾಡಿ, 1578ರಲ್ಲಿ ಲಂಡನ್ನಿನಲ್ಲಿ ವಕೀಲನಾದನು. ಎಲಿಜಬೆತ್ ರಾಣಿಯ ಆಳ್ವಿಕೆಯಲ್ಲಿ, 1594ರಲ್ಲಿ, ಸರ್ಕಾರದ ಪರವಾಗಿ ವಾದಿಸುವ ಅಟಾರ್ನಿ ಜನರಲ್ ಪದವಿಯು ಅವನಿಗೆ ದೊರೆಯಿತು.

ಈ ಪದವಿಯಲ್ಲಿ ಅವನ ನಡತೆಯು ಸರ್ವಥಾ ಶ್ಲಾಘನೀಯವಾಗಿರಲಿಲ್ಲ. 1603ರಲ್ಲಿ ಪ್ರಸಿದ್ಧ ನಾವಿಕನಾದ ಸರ್ ವಾಲ್ಟರ್ ರ್‍ಯಾಲೆಯ ಮೇಲೆ ರಾಜದ್ರೋಹದ ಆರೋಪ ಬಂದಿತು. ಮುಖ್ಯ ಸಾಕ್ಷ್ಯವೆಂದರೆ ಕೋಬಮ್ ಪ್ರಭುವಿನ ಲಿಖಿತ ಹೇಳಿಕೆ. ಆ ಸಾಕ್ಷಿಯನ್ನು ತನ್ನ ಎದುರಿಗೆ ಕರೆಸಬೇಕೆಂದು ರ್‍ಯಾಲೆಯು ಮತ್ತೆ ಮತ್ತೆ ಬೇಡಿಕೊಂಡರೂ ಅವಕಾಶ ದೊರೆಯಲಿಲ್ಲ. ಕೋಕನು ಅವನನ್ನು ತುಂಬಿದ ಸಭೆಯಲ್ಲಿ ಕಟುವಾಗಿ ನಿಂದಿಸಿ, ಮರಣದಂಡನೆಯ ತೀರ್ಪಿಗೆ ಕಾರಣನಾದನು.

1606ರಲ್ಲಿ ಕೋಕನು ನ್ಯಾಯಪೀಠವನ್ನೇರಿದನು. ಅಲ್ಲಿ ಅವನ ಬದುಕು ಬೇರೊಂದು ದಾರಿ ಹಿಡಿಯಿತು. ಲಂಡನ್ನಿನ ವೈದ್ಯರ ಸಂಸ್ಥೆಯು ತನ್ನ ಅನುಮತಿಯಿಲ್ಲದೆ ಚಿಕಿತ್ಸೆ ನೀಡಿದನೆಂದು ಥಾಮಸ್ ಬೊನ್‌ಹ್ಯಾಮ್ ಎಂಬ ವೈದ್ಯನಿಗೆ ದಂಡ ವಿಧಿಸಿ ಸೆರೆಗೆ ತಳ್ಳಿತ್ತು. ದಂಡದ ಹಣದಲ್ಲಿ ಅರ್ಧವು ಆ ಸಂಸ್ಥೆಗೇ ಸೇರುತ್ತಿತ್ತು. ಹೀಗೆ ಲಾಭ ಪಡೆಯುವವರೇ ತೀರ್ಪುಗಾರರಾಗುವುದು ಸಲ್ಲದೆಂದು ಕೋಕನು 1610ರಲ್ಲಿ ಸಾರಿದನು.

1615ರಲ್ಲಿ ಮತ್ತೊಂದು ಮೊಕದ್ದಮೆ ಬಂದಿತು. ಪ್ಲಿಮತ್ ನಗರದ ಆಡಳಿತ ಮಂಡಲಿಯು ಜೇಮ್ಸ್ ಬ್ಯಾಗ್ ಎಂಬ ಸದಸ್ಯನನ್ನು, ಅವನು ನಗರಾಧ್ಯಕ್ಷನನ್ನು ನಿಂದಿಸಿದನೆಂದು, ಪದಚ್ಯುತಗೊಳಿಸಿತ್ತು. ಅವನ ಮಾತು ಒರಟಾಗಿತ್ತೆಂಬುದರಲ್ಲಿ ಸಂದೇಹವಿರಲಿಲ್ಲ. ಆದರೂ ಅವನಿಗೆ ಸ್ಥಾನವನ್ನು ಹಿಂದಿರುಗಿಸಬೇಕೆಂದು ನ್ಯಾಯಾಲಯವು ಆಜ್ಞಾಪಿಸಿತು. ಪದಚ್ಯುತಿಗೆ ಯೋಗ್ಯವಾದ ಕಾರಣವಿದ್ದರೂ, ಆಪಾದಿತನ ಉತ್ತರವನ್ನು ಕೇಳದೆ ಕೈಗೊಂಡ ನಿರ್ಧಾರವು ಅಸಿಂಧುವೆಂದು ಕೋಕನು ವಿವರಿಸಿದನು. ನಿರ್ಧಾರವು ಸರಿಯೋ ತಪ್ಪೋ ಎಂಬುದಕ್ಕಿಂತ ಮೊದಲು ಅದನ್ನು ಕೈಗೊಂಡ ಕ್ರಮವು ನ್ಯಾಯವಾಗಿತ್ತೇ ಎಂಬುದನ್ನು ನೋಡಬೇಕೆಂಬುದೇ ಇದರ ತಿರುಳು. ಹನ್ನೆರಡು ವರ್ಷಗಳ ಹಿಂದೆ ರ್‍ಯಾಲೆಗೆ ದೊರೆಯದಿದ್ದ ನ್ಯಾಯದ ಕ್ರಮವು ಹೀಗೆ ಒಬ್ಬ ಮುಂಗೋಪಿ ನಾಗರಿಕನಿಗೆ ದೊರೆಯಿತು.

ಮರುವರ್ಷವೇ ಕೋಕನಿಗೆ ಪರೀಕ್ಷೆಯ ಕಾಲ ಬಂದಿತು. ದೊರೆಯು ಬಯಸಿದಾಗ ವಿಚಾರಣೆಯನ್ನು ನಿಲ್ಲಿಸುವಿರಾ ಎಂದು ಜೇಮ್ಸ್ ದೊರೆಯು ನ್ಯಾಯಾಧೀಶರನ್ನು ಕೇಳಿದನು. ಉಳಿದವರೆಲ್ಲರೂ ಮಣಿದರು. ಕೋಕನೊಬ್ಬನೇ, ನ್ಯಾಯಾಧೀಶನಿಗೆ ತಕ್ಕುದನ್ನು ಮಾಡುವೆನೆಂದು ಉತ್ತರವಿತ್ತನು. 1616ರ ನವೆಂಬರಿನಲ್ಲಿ ಅವನು ಪದವಿಯನ್ನು ಕಳೆದುಕೊಂಡನು. ಅನಂತರ ಪಾರ್ಲಿಮೆಂಟಿನ ಸದಸ್ಯನಾಗಿ ಸೆರೆವಾಸವನ್ನೂ ಅನುಭವಿಸಿದನು. ಆದರೂ ಎದೆಗುಂದದೆ, ಎಪ್ಪತ್ತಾರರ ಇಳಿವಯಸ್ಸಿನಲ್ಲಿ, 1628ರ ಹಕ್ಕುಗಳ ಮನವಿಯನ್ನು ರೂಪಿಸುವುದರಲ್ಲಿ ಮುಂದಾಳಾದನು. 1634ರ ಸೆಪ್ಟೆಂಬರ್ 3ರಂದು ಅವನು ನಿಧನನಾದನು.

ಕಾಲಾಂತರದಲ್ಲಿ ಈ ತತ್ತ್ವವು ಕೆಲಮಟ್ಟಿಗೆ ಮಂಕಾಗಿತ್ತು. ಬ್ರೈಟನ್ ನಗರದ ಪೊಲೀಸ್ ಮುಖ್ಯಾಧಿಕಾರಿಯನ್ನು 1958ರಲ್ಲಿ ಅವನ ಸಮಾಧಾನವನ್ನು ಕೇಳದೆ ವಜಾ ಮಾಡಲಾಗಿತ್ತು. ಅದು ಸಲ್ಲದೆಂದು ಅಲ್ಲಿನ ಪ್ರಭುಗಳ ಸಭೆಯು ತೀರ್ಪಿತ್ತು, ಹಳೆಯ ನಿಯಮಕ್ಕೆ ಮರುಜೀವ ನೀಡಿತು. ನಮ್ಮ ಸರ್ವೋಚ್ಚ ನ್ಯಾಯಾಲಯವೂ 1978ರಲ್ಲಿ ಪಾಸ್‌ಪೋರ್ಟಿಗೆ ಸಂಬಂಧಿಸಿದ ಮೊಕದ್ದಮೆಯೊಂದರಲ್ಲಿ ಇದೇ ತತ್ತ್ವವನ್ನು ಎತ್ತಿಹಿಡಿಯಿತು. ಒರಟು ಮಾತಿನ ಬ್ಯಾಗನಂಥವನಿಗೂ ತನ್ನ ಪಕ್ಷವನ್ನು ಹೇಳಿಕೊಳ್ಳುವ ಹಕ್ಕುಂಟೆಂಬುದೇ ಕೋಕನು ಬಿಟ್ಟುಹೋದ ಹಿರಿಯ ಆಸ್ತಿ.