ತೋಟಗಾರನ ಪಂಚಾಂಗ

ಕಟ್ಟಡ ಕಟ್ಟಿಸಿದವನ ಹೆಸರನ್ನು ಅಡಿಗಲ್ಲು ಹೇಳುತ್ತದೆ. ಕೀರ್ತನೆ ರಚಿಸಿದವನ ಹೆಸರನ್ನು ಅಂಕಿತ ಹೇಳುತ್ತದೆ. ನೆಟ್ಟವನ ಹೆಸರನ್ನು ಮರ ಹೇಳುವುದಿಲ್ಲ. ನೆರಳು ಎಲ್ಲರ ಸೊತ್ತಾಗುತ್ತದೆ, ನೆಟ್ಟ ಕೈ ಮರೆಯಾಗುತ್ತದೆ. ಬೆಂಗಳೂರಿನ ಲಾಲ್‌ಬಾಗಿಗೆ ಬಂದು, ತಮ್ಮ ಆಯುಷ್ಯದ ಅರ್ಧಕ್ಕೂ ಹೆಚ್ಚಿನ ಕಾಲವನ್ನು ಈ ನಗರದಲ್ಲಿಯೇ ಕಳೆದ ಗುಸ್ತಾವ್ ಹರ್ಮನ್ ಕ್ರುಂಬಿಗಲ್ ಅವರ ಜೀವನವನ್ನು ನೆನೆದಾಗಲೆಲ್ಲ ನನಗೆ ಈ ವಿಚಾರ ಮನಸ್ಸಿಗೆ ಬರುತ್ತದೆ.

ಅವರು ಜನಿಸಿದ್ದು 1865ರ ಡಿಸೆಂಬರ್ 18ರಂದು, ಜರ್ಮನಿಯ ಡ್ರೆಸ್‌ಡೆನ್ ನಗರದ ಸಮೀಪದ ಲೋಮೆನ್ ಎಂಬ ಊರಿನಲ್ಲಿ. ತರುಣರಾಗಿದ್ದಾಗಲೇ ತೋಟಗಾರಿಕೆಯನ್ನು ಅಭ್ಯಾಸಮಾಡಿ, 1888ರಲ್ಲಿ ಇಂಗ್ಲೆಂಡಿಗೆ ತೆರಳಿದರು. ಲಂಡನ್ನಿನ ಹೈಡ್ ಪಾರ್ಕಿನ ಹೂಪಾತಿಗಳನ್ನು ರೂಪಿಸಿದರು. ಕ್ಯೂ ಸಸ್ಯೋದ್ಯಾನದಲ್ಲಿ ದುಡಿದರು. 1893ರಲ್ಲಿ ಬರೋಡಾದ ಮಹಾರಾಜ ಸಯಾಜಿರಾವ್ ಗಾಯಕವಾಡರ ಸೇವೆಗೆಂದು ಭಾರತಕ್ಕೆ ಬಂದರು. ಅವರ ಕೈಗುಣವನ್ನು ಮೆಚ್ಚಿದ ಮೈಸೂರು ಸಂಸ್ಥಾನವು, ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ, 1908ರಲ್ಲಿ ಲಾಲ್‌ಬಾಗಿನ ಹೊಣೆಯನ್ನು ಅವರಿಗೆ ವಹಿಸಿತು.

ಅವರ ಕೈಗೆ ಬಂದದ್ದು ಬರಿಯ ಬಯಲಲ್ಲ. ಹೈದರಾಲಿಯು 1760ರಲ್ಲಿ ಆರಂಭಿಸಿದ ತೋಟವದು. ಟಿಪ್ಪುವು ಹೊರನಾಡುಗಳಿಂದ ಗಿಡಬೀಜಗಳನ್ನು ತರಿಸಿ ಬೆಳೆಸಿದ್ದನು. 1856ರಲ್ಲಿ ಅದು ಸರಕಾರಿ ಸಸ್ಯೋದ್ಯಾನವಾಯಿತು. ಕ್ರುಂಬಿಗಲ್ಲರಿಗೆ ಹಿಂದಿನವರಾದ ಜಾನ್ ಕ್ಯಾಮರಾನ್ 1874ರಿಂದ ಮೂವತ್ತನಾಲ್ಕು ವರ್ಷ ಅದನ್ನು ಸಾಕಿದ್ದರು. 1889ರಲ್ಲಿ ಶಂಕುಸ್ಥಾಪನೆಯಾದ ಗಾಜಿನಮನೆಯೂ, ನಮ್ಮ ಅಡುಗೆಮನೆಗಳಿಗೆ ಬಂದ ಸೀಮೆಬದನೆಯೂ ಕ್ಯಾಮರಾನರ ಕಾಲದವು. ಇವೆಲ್ಲಕ್ಕೂ ಹಿರಿಯದಾಗಿ, ಸುಮಾರು 300 ಕೋಟಿ ವರ್ಷ ವಯಸ್ಸಿನ ಬಂಡೆಯೂ, ಅದರ ನೆತ್ತಿಯ ಮೇಲೆ ಕೆಂಪೇಗೌಡರ ಹೆಸರಿನ ಗೋಪುರವೂ ಅಲ್ಲಿದ್ದುವು.

ಹಾಗಾದರೆ ಕ್ರುಂಬಿಗಲ್ಲರು ಹೊಸದಾಗಿ ಮಾಡಿದ್ದೇನು? ಅವರು ಉದ್ಯಾನವನ್ನು ಬೇಲಿಯಿಂದಾಚೆಗೆ ನಡೆಸಿದರು ಎಂದು ನಾನು ಭಾವಿಸುತ್ತೇನೆ. ಲಾಲ್‌ಬಾಗಿನಲ್ಲಿ ಬೆಳೆದ ಸಸಿಗಳು ಊರಿನ ಬೀದಿಗಳಿಗೆ ಬಂದುವು. ಒಂದು ಜಾತಿಯ ಮರ ಹೂ ಕಳೆದುಕೊಳ್ಳುವ ಹೊತ್ತಿಗೆ ಇನ್ನೊಂದು ಜಾತಿ ಹೂ ಹೊತ್ತು ನಿಲ್ಲಬೇಕು, ವರ್ಷದ ಯಾವ ತಿಂಗಳೂ ನಗರಕ್ಕೆ ಹೂವಿಲ್ಲದ ತಿಂಗಳಾಗಬಾರದು ಎಂಬುದು ಅವರ ಯೋಜನೆ. ಇಂದಿಗೂ ಬೇಸಗೆಯ ಆರಂಭದಲ್ಲಿ ಜಕರಾಂಡದ ನೀಲಿ ಮುಗಿಯುವ ಮುನ್ನವೇ ಹೊಂಗೆ ಚಿಗುರಿ ಹೂಬಿಡುತ್ತದೆ. ಹೊಂಗೆಯ ಬೆನ್ನಿಗೆ ಗುಲ್‌ಮೊಹರಿನ ಕೆಂಪು. ಮಳೆಗಾಲ ಕಳೆದ ಮೇಲೆ ಆಕಾಶಮಲ್ಲಿಗೆಯ ಸರದಿ. ಈ ಮರಗಳನ್ನೆಲ್ಲ ಅವರೊಬ್ಬರೇ ನೆಟ್ಟರೆಂದಲ್ಲ. ಮುಂದಿನವರೂ ಆ ದಾರಿಯಲ್ಲಿಯೇ ನಡೆದರು. ನನ್ನ ಮಟ್ಟಿಗೆ ಇದು ತೋಟಗಾರನೊಬ್ಬನು ಊರಿಗೆ ಬರೆದುಕೊಟ್ಟ ಪಂಚಾಂಗ. ತೋಟಗಾರಿಕೆಯು ಅರಮನೆಯ ವಿಲಾಸವಾಗಿ ಉಳಿಯದೆ ಜನಸಾಮಾನ್ಯರ ಅಭಿರುಚಿಯಾಗಲೆಂದು ದುಡಿದ ಮೈಸೂರು ತೋಟಗಾರಿಕಾ ಸಂಘವು 1912ರಲ್ಲಿ ಹುಟ್ಟಿದ್ದೂ ಅವರ ಅಧಿಕಾರಾವಧಿಯಲ್ಲಿಯೇ. ಕನ್ನಂಬಾಡಿಯ ಬೃಂದಾವನ ಉದ್ಯಾನದ ನಿರ್ಮಾಣದಲ್ಲಿಯೂ ಅವರ ಪಾಲಿತ್ತು.

ಇಂತಹ ಮನುಷ್ಯನಿಗೆ ಕಾಲವು ಕೊಟ್ಟ ಪ್ರತಿಫಲ ವಿಚಿತ್ರವಾದುದು. ಎರಡು ಮಹಾಯುದ್ಧಗಳಲ್ಲಿಯೂ ಬ್ರಿಟಿಷ್ ಸರಕಾರದ ಕಣ್ಣಿಗೆ ಅವರು ಶತ್ರುದೇಶದ ಪ್ರಜೆಯಾಗಿ ಕಂಡರು. ಎರಡು ಬಾರಿಯೂ ಬಂಧನವನ್ನು ಅನುಭವಿಸಿದರು. ಎರಡನೆಯ ಬಾರಿ ಅವರಿಗೆ ಎಪ್ಪತ್ತು ದಾಟಿತ್ತು. ಅವರು ಬೆಳೆಸಿದ ಮರಗಳೂ ಹಲವು ಪರದೇಶದವೇ. ಬ್ರೆಜಿಲ್ಲಿನಿಂದಲೋ ಮಡಗಾಸ್ಕರಿನಿಂದಲೋ ಬಂದ ಮರವನ್ನು ನೀನು ಯಾವ ನಾಡಿನವನೆಂದು ಯಾರೂ ಕೇಳಲಿಲ್ಲ. ನೀರೆರೆದವನನ್ನು ಮಾತ್ರ ಕೇಳಿದರು. ಆದರೂ ಅವರು ಈ ಊರನ್ನು ಬಿಟ್ಟುಹೋಗಲಿಲ್ಲ. 1932ರಲ್ಲಿ ನಿವೃತ್ತರಾದಾಗ ತಾಯ್ನಾಡಿಗೆ ಮರಳಬಹುದಾಗಿತ್ತು, ಮರಳಲಿಲ್ಲ. ಬಂಧನದಿಂದ ಬಿಡುಗಡೆಯಾದ ಮೇಲೂ ಇಲ್ಲಿಗೇ ಬಂದರು. ಬೇರೂರುವುದೆಂದರೆ ಇದೇ ಅಲ್ಲವೆ? ಹುಟ್ಟಿದ ನೆಲ ವಿಧಿ ಕೊಟ್ಟದ್ದು. ಬೇರು ಬಿಡುವ ನೆಲವನ್ನು ಮನುಷ್ಯ ತಾನೇ ಆರಿಸಿಕೊಳ್ಳಬಲ್ಲ.

1956ರ ಫೆಬ್ರವರಿ 8ರಂದು, ತೊಂಬತ್ತು ತುಂಬಿದ ಮೇಲೆ, ಅವರು ಬೆಂಗಳೂರಿನಲ್ಲಿಯೇ ತೀರಿಕೊಂಡರು. ಹೊಸೂರು ರಸ್ತೆಯ ಸ್ಮಶಾನದಲ್ಲಿ ಅವರ ಸಮಾಧಿಯಿದೆ. ಲಾಲ್‌ಬಾಗಿನ ಪಕ್ಕದ ರಸ್ತೆಯೊಂದಕ್ಕೆ ಅವರ ಹೆಸರಿದೆ. ಉದ್ಯಾನದೊಳಗೆ ಅವರ ಹೆಸರನ್ನು ಹೊತ್ತಿದ್ದ ಹಳೆಯ ಸಭಾಂಗಣವು 2017ರಲ್ಲಿ ಕುಸಿದುಬಿತ್ತು.

ಕುಸಿದ ಕಟ್ಟಡವನ್ನು ಹಣವಿದ್ದರೆ ಕೆಲವು ತಿಂಗಳುಗಳಲ್ಲಿ ಮತ್ತೆ ಎತ್ತಬಹುದು. ರಸ್ತೆಯ ಅಗಲಕ್ಕೆಂದು ಉರುಳಿಸಿದ ಹಿರಿಯ ಮರವನ್ನು ಯಾವ ಹಣವೂ ಬೇಗನೆ ನಿಲ್ಲಿಸಲಾರದು; ಅದಕ್ಕೆ ಒಂದು ತಲೆಮಾರಿನ ತಾಳ್ಮೆ ಬೇಕು. ಮರ ಬಿದ್ದಲ್ಲೆಲ್ಲ ಆ ಪಂಚಾಂಗದ ಒಂದು ಹಾಳೆ ಹರಿದಂತೆಯೇ ಸರಿ. ಹೂವಿಲ್ಲದ ತಿಂಗಳು ಈ ಊರಿಗೆ ಬಾರದಂತೆ ನೋಡಿಕೊಳ್ಳುವುದಕ್ಕಿಂತ ಹಿರಿದಾದ ಸ್ಮಾರಕ ಕ್ರುಂಬಿಗಲ್ಲರಿಗೆ ಬೇಕಾಗಿಲ್ಲ.