ಬಣ್ಣದ ಧಾತು ಕಂಡ ವಾಕ್ವೆಲಿನ್

ಮಕ್ಕಳೇ, ನಿಮ್ಮ ಮನೆಯ ಸ್ಟೀಲ್ ಲೋಟ ತುಕ್ಕು ಹಿಡಿಯುವುದಿಲ್ಲ, ಅಲ್ಲವೇ? ಅದರಲ್ಲಿ ಬೆರೆತಿರುವ ಕ್ರೋಮಿಯಂ ಅದಕ್ಕೆ ಕಾರಣ. ಈ ಧಾತುವನ್ನು ಕಂಡುಹಿಡಿದವರು ಫ್ರಾನ್ಸಿನ ಲೂಯಿ ನಿಕೊಲಾಸ್ ವಾಕ್ವೆಲಿನ್. 1763ರಲ್ಲಿ ನಾರ್ಮಂಡಿಯ ಹಳ್ಳಿಯೊಂದರ ಬಡ ಕುಟುಂಬದಲ್ಲಿ ಹುಟ್ಟಿದ ಅವರು ಔಷಧದಂಗಡಿಯಲ್ಲಿ ದುಡಿಯುತ್ತಲೇ ರಸಾಯನಶಾಸ್ತ್ರ ಕಲಿತರು. 1797ರಲ್ಲಿ ಸೈಬೀರಿಯದ ಕೆಂಪು ಅದಿರನ್ನು ಪರೀಕ್ಷಿಸಿದಾಗ ಸೀಸದ ಜೊತೆಗೆ ಹೊಸ ಧಾತುವೂ ಇರುವುದು ತಿಳಿಯಿತು. ಅದರ ಸಂಯುಕ್ತಗಳು ಹಳದಿ, ಕೆಂಪು, ಹಸಿರು ಹೀಗೆ ಬಗೆಬಗೆಯಾಗಿದ್ದವು. ಆದ್ದರಿಂದ ಬಣ್ಣ ಎಂಬರ್ಥದ ಗ್ರೀಕ್ ಪದದಿಂದ ಅದಕ್ಕೆ ಹೆಸರು ಬಂತು. ಲೆಡ್ ಕ್ರೋಮೇಟ್ ಎಂಬ ಸಂಯುಕ್ತ ಹೊಳೆಯುವ ಹಳದಿ ಬಣ್ಣವಾಗಿ ಚಿತ್ರಕಾರರ ಕೈ ಸೇರಿತು. ವಾಕ್ವೆಲಿನ್ 1829ರಲ್ಲಿ ತೀರಿಕೊಂಡರು. ಮುಂದೆ, ಕ್ರೋಮೇಟ್ ದೂಳು ಉಸಿರಾಡಿದ ಕಾರ್ಮಿಕರಲ್ಲಿ ಮೂಗಿನ ಹುಣ್ಣು, ಶ್ವಾಸಕೋಶದ ಕ್ಯಾನ್ಸರ್ ಕಂಡುಬಂದವು. ಲೋಟದಲ್ಲಿರುವ ಕ್ರೋಮಿಯಂಗೆ ನೀವು ಹೆದರಬೇಕಿಲ್ಲ. ಆದರೆ ಕ್ರೋಮೇಟ್ ಪುಡಿ ಎಷ್ಟೇ ಚೆಂದ ಕಂಡರೂ ಮುಟ್ಟಬೇಡಿ.