ಸೊನ್ನಲಿಗೆಯ ಕೆರೆ ಕಟ್ಟಿದ ಶಿವಯೋಗಿ ಸಿದ್ಧರಾಮೇಶ್ವರರು

ಮಕರ ಸಂಕ್ರಾಂತಿಯ ಪರ್ವಕಾಲದಲ್ಲಿ ನಾಡಿನಾದ್ಯಂತ ಶಿವಯೋಗಿ ಸಿದ್ಧರಾಮೇಶ್ವರರ ಜಯಂತಿಯನ್ನು ಆಚರಿಸುತ್ತೇವೆ. ಅದೇ ದಿನಗಳಲ್ಲಿ ಸೊಲ್ಲಾಪುರದಲ್ಲಿ ಅವರ ಗಡ್ಡಾ ಜಾತ್ರೆ ನಡೆಯುತ್ತದೆ. ಏಳು ನಂದಿಧ್ವಜಗಳು ಊರೊಳಗೆ ಸಂಚರಿಸಿ ಅರುವತ್ತೆಂಟು ಲಿಂಗಗಳಿಗೆ ತೈಲಾಭಿಷೇಕವನ್ನು ನೆರವೇರಿಸುತ್ತವೆ. ಕನ್ನಡ, ಮರಾಠಿ, ತೆಲುಗು ಮಾತನಾಡುವ ಭಕ್ತರು ಭೇದವಿಲ್ಲದೆ ಒಂದೆಡೆ ಸೇರುತ್ತಾರೆ. ಈ ಸಂಭ್ರಮವೆಲ್ಲ ನಡೆಯುವುದು ಒಂದು ಕೆರೆಯ ಸಾನ್ನಿಧ್ಯದಲ್ಲಿ. ಎಂಟುನೂರು ವರ್ಷಗಳಿಗೂ ಹಿಂದೆ ಸಿದ್ಧರಾಮೇಶ್ವರರು ಊರವರೊಡನೆ ಮಣ್ಣು ಹೊತ್ತು ಕಟ್ಟಿದ ಕೆರೆ ಅದು. ದೇವಾಲಯವು ಇಂದಿಗೂ ಅದರ ನೀರಿನ ನಡುವೆಯೇ ನಿಂತಿದೆ. ಶರಣರ ಚರಿತ್ರೆಯನ್ನು ಓದುವಾಗ ಪವಾಡಗಳ ಕಡೆಗೆ ನಮ್ಮ ಕಣ್ಣು ಬೇಗನೆ ಹರಿಯುತ್ತದೆ. ಈ ಬಾರಿ ಆ ಕೆರೆಯ ಏರಿಯ ಮೇಲೆ ನಿಂತು ಅವರ ಜೀವನವನ್ನು ನೋಡೋಣ.

ಸಿದ್ಧರಾಮರು 12ನೆಯ ಶತಮಾನದವರು. ಸೊನ್ನಲಿಗೆ ಎಂಬುದು ಇಂದಿನ ಸೊಲ್ಲಾಪುರದ ಹಳೆಯ ಹೆಸರು. ತಂದೆ ಮುದ್ದಗೌಡರು, ತಾಯಿ ಸುಗ್ಗಲೆ; ಒಕ್ಕಲುತನದ ಮನೆ. ರೇವಣಸಿದ್ಧರ ಆಶೀರ್ವಾದದಿಂದ ಈ ಮಗು ಹುಟ್ಟಿತೆಂದು ಪರಂಪರೆ ನಂಬುತ್ತದೆ. 13ನೆಯ ಶತಮಾನದಲ್ಲಿ ರಾಘವಾಂಕ ಕವಿಯು ಸಿದ್ಧರಾಮ ಚಾರಿತ್ರವನ್ನು ರಚಿಸಿ ಅವರ ಬಾಲ್ಯವನ್ನು ಮನಮುಟ್ಟುವಂತೆ ಚಿತ್ರಿಸಿದ್ದಾನೆ. ಬಾಲಕ ಸಿದ್ಧರಾಮ ಮಾತು ಕಡಿಮೆ, ಆಟ ಕಡಿಮೆ, ಲೋಕದ ವ್ಯವಹಾರದಲ್ಲಿ ಮನಸ್ಸೇ ಇಲ್ಲ. ಮಂದಬುದ್ಧಿಯವನೆಂದು ಊರವರು ಆಡಿಕೊಂಡರು. ದನ ಕಾಯುವ ಕೆಲಸಕ್ಕೆ ಮನೆಯವರು ಅವನನ್ನು ಹೊಲದ ಕಡೆಗೆ ಕಳುಹಿಸುತ್ತಿದ್ದರು.

ಒಂದು ದಿನ ಹೊಲದಲ್ಲಿದ್ದ ಬಾಲಕನೆದುರು ಮಲ್ಲಯ್ಯನೆಂಬ ಜಂಗಮನು ಬಂದು ನಿಂತ. ಹಸಿದು ಬಂದವನಿಗೆ ಬಾಲಕ ಎಳೆಯ ತೆನೆಗಳನ್ನು ಕೊಟ್ಟ. ಜಂಗಮನ ಹಸಿವು ತಣಿಯಲಿಲ್ಲ. ಬುತ್ತಿ ತರಲು ಬಾಲಕ ಮನೆಗೆ ಓಡಿದ. ಮರಳಿ ಬಂದು ನೋಡಿದರೆ ಜಂಗಮನಿಲ್ಲ. ಬುತ್ತಿಯನ್ನು ಕೈಯಲ್ಲಿ ಹಿಡಿದು ಮಲ್ಲಯ್ಯನ ಹೆಸರನ್ನು ಕೂಗುತ್ತ ಅಲೆದ ಬಾಲಕ, ಶ್ರೀಶೈಲಕ್ಕೆ ಹೊರಟಿದ್ದ ಯಾತ್ರಿಕರ ಬೆನ್ನು ಹತ್ತಿದ. ಅಲ್ಲಿ ದೇವಾಲಯದ ಲಿಂಗವನ್ನು ತೋರಿಸಿದರೂ ಅವನಿಗೆ ಸಮಾಧಾನವಾಗಲಿಲ್ಲ. ತನ್ನ ಹೊಲಕ್ಕೆ ಹಸಿದು ಬಂದವನೇ ಅವನಿಗೆ ಬೇಕಾಗಿತ್ತು. ಹುಡುಕಿ ಹುಡುಕಿ ಸೋತು ಕಮರಿಗೆ ಧುಮುಕಲು ಸಿದ್ಧನಾದಾಗ ಮಲ್ಲಿಕಾರ್ಜುನನು ಕೈಹಿಡಿದು ಉಳಿಸಿದನೆಂದು ಚಾರಿತ್ರವು ಹೇಳುತ್ತದೆ.

ಈ ಕಥೆಯಲ್ಲಿ ಸಿದ್ಧರಾಮರ ಮುಂದಿನ ಬದುಕಿನ ಬೀಜವಿದೆ. ದೇವರು ಅವರಿಗೆ ಮೊದಲು ಕಾಣಿಸಿದ್ದು ಹಸಿದವನ ರೂಪದಲ್ಲಿ, ಅದೂ ಹೊಲದ ಬದುವಿನ ಮೇಲೆ. ಶ್ರೀಶೈಲದಲ್ಲಿಯೇ ಉಳಿದು ತಪಸ್ಸು ಮಾಡಬಹುದಾಗಿದ್ದ ಅವರನ್ನು ಮಲ್ಲಿಕಾರ್ಜುನನು ಸೊನ್ನಲಿಗೆಗೆ ಮರಳಿ ಕಳುಹಿಸಿದ. ಆ ಊರನ್ನೇ ಎರಡನೆಯ ಶ್ರೀಶೈಲವನ್ನಾಗಿ ಮಾಡುವ ಹೊಣೆ ಅವರ ಪಾಲಿಗೆ ಬಂತು.

ಸೊನ್ನಲಿಗೆಯ ಸೀಮೆ ಮಳೆನೆರಳಿನ ನಾಡು. ಕಪ್ಪು ಎರೆ ಮಣ್ಣು, ಜೋಳದ ಹೊಲಗಳು, ಬಂದರೆ ಬಂದಂತೆ ಹೋದರೆ ಹೋದಂತೆ ಮಳೆ. ಸುರಿದಾಗ ಭೋರ್ಗರೆದು ಹರಿದುಹೋಗುವ ನೀರು, ಬೇಸಗೆಯಲ್ಲಿ ಕುಡಿಯಲೂ ಸಿಗದು. ಇಂತಹ ನೆಲದಲ್ಲಿ ಊರು ಬದುಕಬೇಕಾದರೆ ಹರಿಯುವ ನೀರನ್ನು ತಡೆದು ನಿಲ್ಲಿಸಬೇಕು. ಸಿದ್ಧರಾಮರು ಕಪಿಲಸಿದ್ಧ ಮಲ್ಲಿಕಾರ್ಜುನ ಲಿಂಗವನ್ನು ಸ್ಥಾಪಿಸಿದರು, ಅರುವತ್ತೆಂಟು ಲಿಂಗಗಳನ್ನು ಊರ ಸುತ್ತ ನೆಲೆಗೊಳಿಸಿದರು. ಅದರೊಂದಿಗೆ ಕೆರೆಯ ಕೆಲಸವನ್ನೂ ಕೈಗೆತ್ತಿಕೊಂಡರು. ಗುಡಿಯಲ್ಲಿ ದೇವರು ನೆಲೆಸಬೇಕಾದರೆ ಊರಿನಲ್ಲಿ ಜನ ನೆಲೆಸಬೇಕು, ಜನ ನೆಲೆಸಲು ನೀರು ನಿಲ್ಲಬೇಕು ಎಂಬುದು ಅವರ ಕಾಣ್ಕೆಯಾಗಿತ್ತು.

ಯಂತ್ರಗಳಿಲ್ಲದ ಕಾಲದಲ್ಲಿ ಕೆರೆ ಕಟ್ಟುವುದೆಂದರೆ ಸಾಮಾನ್ಯವಾದ ಕೆಲಸವಲ್ಲ. ನೆಲದ ಇಳಿಜಾರನ್ನು ಅರಿತು ಏರಿಯ ಜಾಗವನ್ನು ಗುರುತಿಸಬೇಕು. ಅಗೆದ ಮಣ್ಣನ್ನು ಬುಟ್ಟಿಗಳಲ್ಲಿ ಹೊತ್ತು ತಂದು, ಪದರ ಪದರವಾಗಿ ಹರಡಿ, ನೀರು ಚಿಮುಕಿಸಿ, ತುಳಿದು ಗಟ್ಟಿ ಮಾಡಬೇಕು. ಅಲೆಯ ಹೊಡೆತಕ್ಕೆ ಮಣ್ಣು ಕೊಚ್ಚಿಹೋಗದಂತೆ ಒಳಮೈಗೆ ಕಲ್ಲು ಹೊಂದಿಸಬೇಕು. ಹೊಲಕ್ಕೆ ನೀರು ಬಿಡಲು ತೂಬು, ಹೆಚ್ಚಾದ ನೀರು ಹರಿದುಹೋಗಲು ಕೋಡಿ ಬೇಕು. ಇವುಗಳಲ್ಲಿ ಒಂದು ತಪ್ಪಿದರೂ ಒಂದೇ ಮಳೆಗಾಲದಲ್ಲಿ ವರ್ಷಗಳ ಶ್ರಮ ಕೊಚ್ಚಿಹೋಗುತ್ತದೆ. ಆದ್ದರಿಂದ ಕೆರೆಯು ಒಬ್ಬ ಅರಸನ ಧನದಿಂದ ಮಾತ್ರ ಆಗುವಂಥದ್ದಲ್ಲ. ನೆಲವನ್ನು ಬಲ್ಲವನ ಕಣ್ಣು, ಕಲ್ಲನ್ನು ಬಲ್ಲವನ ಕೈ, ಬುಟ್ಟಿ ಹೊರುವವಳ ತಲೆ ಎಲ್ಲವೂ ಕೂಡಿದಾಗಲೇ ಅದು ನಿಲ್ಲುತ್ತದೆ. ಸಿದ್ಧರಾಮರ ಸುತ್ತ ನೆರೆದ ಭಕ್ತಸಮೂಹವು ಇಂಥ ಒಂದು ಕೂಟವಾಗಿತ್ತು. ಭಕ್ತಿಯು ಅಲ್ಲಿ ಗುದ್ದಲಿ ಹಿಡಿಯಿತು.

ಆ ಕೂಟಕ್ಕೆ ಅನ್ನವೂ ಬೇಕಿತ್ತು. ದುಡಿಯುವವರಿಗೂ ದಾರಿಹೋಕರಿಗೂ ದಾಸೋಹ ನಡೆಯಿತು. ಬಡವರ ಮಕ್ಕಳಿಗೆ ಸಾಮೂಹಿಕವಾಗಿ ವಿವಾಹ ಮಾಡಿಸಿದವರೆಂದೂ ಅವರು ಖ್ಯಾತರು. ಸ್ವತಃ ಅವರು ಬ್ರಹ್ಮಚಾರಿಗಳಾಗಿ ಉಳಿದರು. ಕುಂಬಾರರ ಮಗಳೊಬ್ಬಳು ಅವರನ್ನೇ ವರಿಸಬೇಕೆಂದು ಹಟ ಹಿಡಿದಾಗ ತಮ್ಮ ಯೋಗದಂಡದೊಡನೆ ಅವಳ ವಿವಾಹಕ್ಕೆ ಒಪ್ಪಿದರೆಂಬ ಕಥೆ ಸೊಲ್ಲಾಪುರದಲ್ಲಿ ಇಂದಿಗೂ ಜೀವಂತವಾಗಿದೆ. ಜಾತ್ರೆಯ ಅಕ್ಷತಾ ಸಮಾರಂಭವು ಆ ವಿವಾಹದ ಸ್ಮರಣೆಯೇ ಆಗಿದೆ.

ಹೀಗೆ ಕೆರೆಯ ಕೆಲಸ ಭರದಿಂದ ಸಾಗಿದ್ದಾಗ ಅಲ್ಲಮಪ್ರಭುಗಳು ಸೊನ್ನಲಿಗೆಗೆ ಬಂದರು. ಶೂನ್ಯಸಂಪಾದನೆಯಲ್ಲಿ ಈ ಪ್ರಸಂಗ ವಿಸ್ತಾರವಾಗಿ ಬಂದಿದೆ. ಪ್ರಭುದೇವರು ಸಿದ್ಧರಾಮರನ್ನು ವಡ್ಡನೆಂದು ಕರೆದು ಎಲ್ಲಿರುವನೆಂದು ವಿಚಾರಿಸಿದರು. ತಮ್ಮ ಗುರುವನ್ನು ಕೇವಲ ಮಣ್ಣು ಕೆಲಸದವನೆಂಬಂತೆ ಕರೆದದ್ದನ್ನು ಕೇಳಿ ಕೆಲಸಗಾರರು ಸಿಟ್ಟಿಗೆದ್ದು ಕಲ್ಲು ತೂರಿದರು. ಕಲ್ಲುಗಳು ಪ್ರಭುದೇವರನ್ನು ತಾಕಲಿಲ್ಲ. ಸುದ್ದಿ ತಿಳಿದು ಸಿದ್ಧರಾಮರೇ ಕೋಪದಿಂದ ಬಂದರು. ಆ ಕೋಪದ ಉರಿಯೂ ಪ್ರಭುದೇವರ ಮುಂದೆ ತಣ್ಣಗಾಯಿತು.

ಈ ಪ್ರಸಂಗದಲ್ಲಿ ನಾವು ಒಂದು ಕ್ಷಣ ನಿಲ್ಲಬೇಕು. ಮಣ್ಣು ಹೊರುವ ಕಾಯಕವು ನಿಜವಾಗಿಯೂ ಶ್ರೇಷ್ಠವೆಂದು ನಂಬಿದವರಿಗೆ ವಡ್ಡನೆಂಬ ಮಾತು ಏಕೆ ಅವಮಾನವಾಗಬೇಕು? ಕೈಗಳು ಮಣ್ಣಿನಲ್ಲಿದ್ದರೂ ಮನಸ್ಸು ಇನ್ನೂ ಹಿರಿಮೆಯ ಪೀಠದ ಮೇಲೆ ಕುಳಿತಿತ್ತು ಎಂಬುದನ್ನು ಆ ಕಲ್ಲುಗಳೇ ಸಾರಿದವು. ಪ್ರಭುದೇವರು ಒಂದೇ ಪದದಿಂದ ಆ ಗಾಯವನ್ನು ತೆರೆದು ತೋರಿಸಿದರು. ಕೆರೆ, ಬಾವಿ, ಗುಡಿಗಳನ್ನು ಕಟ್ಟಿದೆನೆಂಬ ಭಾವ ಉಳಿದಿರುವವರೆಗೆ ಅವೆಲ್ಲ ಪುಣ್ಯದ ಲೆಕ್ಕಪುಸ್ತಕದ ಬಾಬುಗಳಾಗುತ್ತವೆ; ಹೊರಗೆ ಕಟ್ಟಿದ ಏರಿ ಒಳಗೆ ಅಹಂಕಾರದ ಏರಿಯಾಗಿ ಬೆಳೆಯುತ್ತದೆ ಎಂಬುದು ಅವರ ಬೋಧೆಯ ತಿರುಳು.

ಪ್ರಭುದೇವರು ಲೋಕೋಪಕಾರವನ್ನು ಹಳಿದರೆಂದು ಕೆಲವರು ಈ ಪ್ರಸಂಗವನ್ನು ಅರ್ಥೈಸುವುದುಂಟು. ಆದರೆ ಕೆರೆ ಕಟ್ಟಿದವನಲ್ಲಿ ಉಳಿದ ನಾನು ಎಂಬ ಹೂಳನ್ನು ತೆಗೆಯುವುದೇ ಅವರ ಉದ್ದೇಶವಾಗಿತ್ತೆಂದು ತಿಳಿಯುವುದು ಹೆಚ್ಚು ಯುಕ್ತ. ಸಿದ್ಧರಾಮರು ಆ ಮಾತನ್ನು ಸ್ವೀಕರಿಸಿದ ಬಗೆಯಲ್ಲಿಯೇ ಅವರ ದೊಡ್ಡತನವಿದೆ. ಸಾವಿರಾರು ಜನರು ಗುರುವೆಂದು ಪೂಜಿಸುತ್ತಿದ್ದ ಅವರು ತಮ್ಮ ಊರು, ಗುಡಿ, ಕೆರೆ, ಕೀರ್ತಿ ಎಲ್ಲವನ್ನೂ ಬಿಟ್ಟು ಸಾಧಕರಾಗಿ ಪ್ರಭುದೇವರೊಂದಿಗೆ ಕಲ್ಯಾಣಕ್ಕೆ ನಡೆದರು.

ಕಲ್ಯಾಣದಲ್ಲಿ ಬಸವಣ್ಣನವರ ಮಹಾಮನೆಯ ಶರಣಸಂಗ ಅವರಿಗೆ ದೊರೆಯಿತು. ಅಲ್ಲಿಯವರೆಗೆ ಸ್ಥಾವರಲಿಂಗವನ್ನು ಪೂಜಿಸುತ್ತಿದ್ದ ಅವರು ವಯಸ್ಸಿನಲ್ಲಿ ಕಿರಿಯರಾದ ಚೆನ್ನಬಸವಣ್ಣನವರಿಂದ ಇಷ್ಟಲಿಂಗ ದೀಕ್ಷೆಯನ್ನು ಪಡೆದರು. ಅಲ್ಲಮಪ್ರಭುಗಳು, ಚೆನ್ನಬಸವಣ್ಣನವರ ಬಳಿಕ ಶೂನ್ಯಪೀಠವನ್ನು ಅಲಂಕರಿಸಿದವರೂ ಅವರೇ. ಕಪಿಲಸಿದ್ಧ ಮಲ್ಲಿಕಾರ್ಜುನ ಎಂಬ ಅಂಕಿತದಲ್ಲಿ ಸಾವಿರಕ್ಕೂ ಹೆಚ್ಚು ವಚನಗಳು ನಮಗೆ ಲಭ್ಯವಾಗಿವೆ. ಮಣ್ಣು ಹೊತ್ತ ಕೈಗಳೇ ಅನುಭಾವವನ್ನೂ ಬರೆದವು. ಮುಂದೆ ಸೊನ್ನಲಿಗೆಗೆ ಮರಳಿ ಅಲ್ಲಿಯೇ ಅವರು ಲಿಂಗೈಕ್ಯರಾದರು. ಅವರ ಸಮಾಧಿ ಆ ಕೆರೆಯ ನಡುವಣ ದೇವಾಲಯದ ಆವರಣದಲ್ಲಿದೆ.

ಸಿದ್ಧರಾಮರು ಕಲ್ಯಾಣಕ್ಕೆ ಹೊರಟ ದಿನ ಕೆರೆಯೇನೂ ಬತ್ತಲಿಲ್ಲ ಎಂಬುದನ್ನು ಗಮನಿಸಬೇಕು. ಕಟ್ಟಿಸಿದವರು ಊರು ಬಿಟ್ಟರೂ ಕೆರೆ ಉಳಿಯಿತು. ಅದರ ಪಕ್ಕದಲ್ಲಿ ಕೋಟೆ ಎದ್ದಿತು, ರಾಜ್ಯಗಳು ಬದಲಾದವು, ಊರು ಮಹಾನಗರವಾಯಿತು. ಒಬ್ಬರ ಹೆಸರಿಗೆ ಅಂಟಿಕೊಂಡ ಕೆಲಸವು ಅವರೊಂದಿಗೇ ಮುಗಿಯುತ್ತದೆ. ಎಲ್ಲರದಾದ ಕೆಲಸವು ಯಾರು ಹೋದರೂ ನಿಲ್ಲುವುದಿಲ್ಲ. ಪ್ರಭುದೇವರ ಬೋಧೆಗೆ ಕೆರೆಯೇ ಸಾಕ್ಷಿಯಾಗಿ ನಿಂತಿದೆ.

ನಮ್ಮ ಹಿರಿಯರು ಈ ತತ್ತ್ವವನ್ನು ವ್ಯವಸ್ಥೆಯಾಗಿಯೂ ರೂಪಿಸಿದ್ದರು. ಕೆರೆಯ ಜೀರ್ಣೋದ್ಧಾರಕ್ಕೆಂದು ಬಿತ್ತುವಟ್ಟ, ಕಟ್ಟುಗೊಡಗೆ ಮೊದಲಾದ ಹೆಸರುಗಳಿಂದ ಭೂಮಿಯನ್ನು ಬಿಟ್ಟುಕೊಟ್ಟ ಸಂಗತಿಗಳು ಕನ್ನಡದ ಶಾಸನಗಳಲ್ಲಿ ಹೇರಳವಾಗಿವೆ. ಕೆರೆ ಕಟ್ಟಿದ ದಿನವೇ ಅದನ್ನು ಮುಂದೆ ನೋಡಿಕೊಳ್ಳುವವರ ಜೀವನೋಪಾಯವನ್ನೂ ಗೊತ್ತುಮಾಡುತ್ತಿದ್ದರು. ನೀರುಗಂಟಿಯು ತೂಬು ತೆರೆದು ಮುಚ್ಚಿ ಮೇಲಿನ ಹೊಲಕ್ಕೂ ಕೊನೆಯ ಹೊಲಕ್ಕೂ ನೀರನ್ನು ಹಂಚುತ್ತಿದ್ದ. ಬೇಸಗೆಯಲ್ಲಿ ರೈತರು ಹೂಳನ್ನು ಬಂಡಿಗಳಲ್ಲಿ ತುಂಬಿ ಹೊಲಕ್ಕೆ ಹಾಕಿಕೊಳ್ಳುತ್ತಿದ್ದರು. ಕೆರೆಯ ಹೊಟ್ಟೆ ಹಗುರವಾಗುತ್ತಿತ್ತು, ಹೊಲಕ್ಕೆ ಗೊಬ್ಬರ ದೊರೆಯುತ್ತಿತ್ತು. ಕೆರೆಗಳು ಸರಕಾರದ ಆಸ್ತಿಯೆಂಬ ಭಾವನೆ ಬಲಿತ ಮೇಲೆ, ಕೊಳವೆಬಾವಿಗಳು ಮನೆಮನೆಗೆ ನೀರು ತಂದ ಮೇಲೆ, ಈ ಕೊಂಡಿ ಕಳಚಿತು. ಕರ್ನಾಟಕದಲ್ಲಿ ಇಂದಿಗೂ ಮೂವತ್ತಾರು ಸಾವಿರಕ್ಕೂ ಹೆಚ್ಚು ಕೆರೆಗಳಿವೆ. ಅವುಗಳಲ್ಲಿ ಹೂಳು ತುಂಬಿದವು, ಒತ್ತುವರಿಯಾದವು, ಊರ ಕೊಳಚೆಗೆ ಗುಂಡಿಯಾದವು ಎಷ್ಟೋ.

ಆದರೂ ಆಶೆಯ ಕುರುಹುಗಳಿವೆ. 2019ರಲ್ಲಿ ಕೊಪ್ಪಳದ ಗವಿಮಠದ ಪೂಜ್ಯರು ಮುಂದಾಗಿ ಹಿರೇಹಳ್ಳದ ಪುನಶ್ಚೇತನಕ್ಕೆ ಕರೆ ನೀಡಿದಾಗ ಸುತ್ತಲಿನ ಗ್ರಾಮಗಳ ಜನರು ಸ್ವಯಂಪ್ರೇರಣೆಯಿಂದ ಬಂದರು. ಇಪ್ಪತ್ತು ಕಿಲೋಮೀಟರಿಗೂ ಹೆಚ್ಚು ಉದ್ದಕ್ಕೆ ಹಳ್ಳದ ಕಸ, ಮುಳ್ಳುಕಂಟಿ, ಹೂಳುಗಳನ್ನು ತೆಗೆಯಲಾಯಿತು. ಮಠವು ಕರೆದರೆ ಜನ ಕೈಜೋಡಿಸುತ್ತಾರೆ ಎಂಬುದಕ್ಕೆ ಅದು ನಮ್ಮ ಕಾಲದ ನಿದರ್ಶನ. ಮಣ್ಣು ಮತ್ತು ಕಲ್ಲಿನ ಕಾಯಕದಿಂದ ನಾಡನ್ನು ಕಟ್ಟಿದ ಭೋವಿ ಸಮಾಜವು ಸಿದ್ಧರಾಮೇಶ್ವರರನ್ನು ಕುಲಗುರುವೆಂದು ಪೂಜಿಸುತ್ತದೆ. ಅಂದು ಕಲ್ಲು ತೂರುವಷ್ಟು ನೋವು ತಂದ ಹೆಸರು ಇಂದು ಗೌರವದ ಹೆಸರಾಗಿದೆ. ಕಾಯಕಕ್ಕೆ ಸಲ್ಲಬೇಕಾದ ಮಾನ ಹೀಗೆ ಸಂದಿದೆ.

ಇನ್ನು ನಮ್ಮನ್ನು ನಾವು ಕೇಳಿಕೊಳ್ಳಬೇಕಾದ ಪ್ರಶ್ನೆಯೊಂದಿದೆ. ಜಯಂತಿಯ ದಿನ ಸಸಿ ನೆಡುತ್ತೇವೆ, ಭಾವಚಿತ್ರ ತೆಗೆಸಿಕೊಳ್ಳುತ್ತೇವೆ. ಮುಂದಿನ ಬೇಸಗೆಯಲ್ಲಿ ಆ ಸಸಿಗೆ ನೀರೆರೆದವರು ಯಾರು? ಕೆರೆಯ ದಂಡೆಯಲ್ಲಿ ದಾನಿಗಳ ಹೆಸರಿನ ಫಲಕ ನಿಲ್ಲುತ್ತದೆ. ಮರುವರ್ಷ ಕಾಲುವೆಯ ಕಸ ತೆಗೆಯಲು ಬಂದವರು ಎಷ್ಟು ಮಂದಿ? ಪ್ರಭುದೇವರು ಇಂದು ನಮ್ಮ ಶ್ರಮದಾನದ ನಡುವೆ ಬಂದು ನಿಂತರೆ ಗುದ್ದಲಿ ಹಿಡಿದ ಕೈಗಿಂತ ಮೊದಲು ಮನಸ್ಸನ್ನೇ ಪರೀಕ್ಷಿಸುವರು.

ಆದ್ದರಿಂದ ಸಿದ್ಧರಾಮೇಶ್ವರರ ಸ್ಮರಣೆಯನ್ನು ಒಂದು ದಿನದ ಉತ್ಸವಕ್ಕೆ ಸೀಮಿತಗೊಳಿಸದಿರೋಣ. ಪ್ರತಿಯೊಂದು ಊರಿನ ಭಕ್ತರು ತಮ್ಮೂರಿನ ಒಂದು ಕೆರೆಯನ್ನೋ ಕಟ್ಟೆಯನ್ನೋ ಬಾವಿಯನ್ನೋ ಆರಿಸಿಕೊಳ್ಳಲಿ. ಮಳೆಗಾಲಕ್ಕೆ ಮೊದಲು ನೀರು ಬರುವ ದಾರಿಯನ್ನು ತೆರವುಗೊಳಿಸಲಿ. ಏರಿಯ ಮೇಲೆ ಬೆಳೆದ ಗಿಡಗಂಟಿಗಳ ಬೇರು ಮಣ್ಣನ್ನು ಸಡಿಲಿಸುವ ಮುನ್ನ ಕಿತ್ತು ಹಾಕಲಿ. ಬೇಸಗೆಯಲ್ಲಿ ಹೂಳನ್ನು ಹೊಲಕ್ಕೆ ಸಾಗಿಸಲಿ. ಯಾರ ಹೆಸರನ್ನೂ ಬರೆಯದೆ, ವರ್ಷ ವರ್ಷವೂ ತಪ್ಪದೆ ಇದು ನಡೆಯಲಿ. ಹಸಿದು ಹೊಲಕ್ಕೆ ಬಂದ ಮಲ್ಲಯ್ಯನನ್ನು ಅರಸುತ್ತ ಹೊರಟ ಬಾಲಕನು ಕೊನೆಗೆ ಅವನನ್ನು ಕಂಡದ್ದು ಬಾಯಾರಿದ ಜನರ ನಡುವೆ. ನಮಗೂ ಅವನು ಅಲ್ಲಿಯೇ ದೊರೆಯುವನು.